ಸಮುದ್ರ ದೂರ, ಪ್ಲಾಸ್ಟಿಕ್ ಹತ್ತಿರ: ಸಿಂಧನೂರಿನ ಮೀನಿನ ಸಾರಿನಲ್ಲಿ ಏನಿದೆ?



ಮೈಕ್ರೋಪ್ಲಾಸ್ಟಿಕ್ ಅಂದ್ರೆ ನಮ್ಮ ಕಡೆ ಬರೋ ಉತ್ತರ ಒಂದೇ: ಅದು ಮಂಗಳೂರು, ಕಾರವಾರದವರ ಚಿಂತೆ, ಸಿಂಧನೂರು, ಮಸ್ಕಿ, ಲಿಂಗಸುಗೂರಿಗೆ ಸಮುದ್ರ ಎಲ್ಲೈತ್ರಿ? ಸಮುದ್ರ ಇಲ್ಲ, ನಿಜ. ಮೀನು ಐತಲ್ಲ! ಸಂತೆಯಲ್ಲಿ ಒಣಮೀನು, ಒಣ ಸಿಗಡಿ ಸಿಗುತ್ತೆ. ಕೆರೆಯ ಕಾಟ್ಲಾ, ರೋಹು ಸಿಗುತ್ತೆ. ಇನ್ನು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ನೆಲೆಸಿರೋ ಬಂಗಾಳಿ ಕುಟುಂಬಗಳಿಗೆ ಮೀನಿಲ್ಲದ ಊಟ ಊಟವೇ ಅಲ್ಲ.

5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರು ಅಂದ್ರೆ ಮೈಕ್ರೋಪ್ಲಾಸ್ಟಿಕ್. ಜೋಳದ ಕಾಳಿನಷ್ಟು ಇರೋದರಿಂದ ಹಿಡಿದು ಕಣ್ಣಿಗೇ ಕಾಣದ್ದರವರೆಗೆ. ಅದು ಹುಟ್ಟೋದು ಹೇಗೆ ಅಂತ ನೋಡೋಕೆ ಲ್ಯಾಬ್ ಬೇಕಾಗಿಲ್ಲ. ನಮ್ಮ ಬಿಸಿಲಿಗೆ ಬಿದ್ದ ಗೊಬ್ಬರದ ಖಾಲಿ ಚೀಲವನ್ನು ಬೇಸಿಗೆ ಮುಗಿದ ಮೇಲೆ ಎತ್ತಿ ನೋಡ್ರಿ, ಕೈಯಲ್ಲೇ ಪುಡಿಪುಡಿ. ಆ ಪುಡಿ ಮಳೆಗೆ ಹಳ್ಳ ಸೇರುತ್ತೆ. ಮಸ್ಕಿ ಹಳ್ಳ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಆಂಧ್ರದ ಹಂಸಲದೀವಿ ಹತ್ತಿರ ಬಂಗಾಳ ಕೊಲ್ಲಿಗೆ. ಅಲ್ಲಿಂದ ಒಣಮೀನಿನ ಹೊಟ್ಟೆಯಲ್ಲಿ ಮತ್ತೆ ನಮ್ಮ ಸಂತೆಗೇ ಬಂದರೂ ಆಶ್ಚರ್ಯ ಇಲ್ಲ.

ಆದ್ರೆ ಸಮುದ್ರದವರೆಗೆ ಹೋಗೋದೂ ಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಪೇಂದ್ರ ನೊಂಗ್ತೊಂಬ ಅವರಿಗೆ ಕೆಆರ್‌ಎಸ್ ಹಿನ್ನೀರಿನ ಕಡೆ ಹೋಗಿ ಕರಿದ ಮೀನು ತಿನ್ನೋದು ಇಷ್ಟ. ಅಲ್ಲಿನ ಕೆಲವು ಮೀನುಗಳ ಮೈ ಸೊಟ್ಟಗಿರೋದು ಅವರ ಕಣ್ಣಿಗೆ ಬಿತ್ತು. ತಂಡ ಕಟ್ಟಿಕೊಂಡು ಮೂರು ಕಡೆಯಿಂದ ಕಾವೇರಿ ನೀರು ತಂದರು: ಜೋರಾಗಿ ಹರಿಯೋ ಕಡೆ, ನಿಧಾನ ಹರಿಯೋ ಕಡೆ, ನಿಂತ ಕಡೆ. ಆ ನೀರಲ್ಲಿ ಜೀಬ್ರಾಮೀನಿನ ಭ್ರೂಣ ಬೆಳೆಸಿದರು. ನಿಧಾನ ಹರಿಯೋ ಮತ್ತು ನಿಂತ ನೀರಿನಲ್ಲಿ ಬೆಳೆದವಕ್ಕೆ ಮೂಳೆ ಸೊಟ್ಟ, ಡಿಎನ್‌ಎಗೆ ಹಾನಿ, ಹೃದಯಕ್ಕೆ ಹಾನಿ. ಮೀನಿನೊಳಗೆ ಮೈಕ್ರೋಪ್ಲಾಸ್ಟಿಕ್ಕೂ ಸಿಕ್ತು. ನೀರಲ್ಲಿ ಬೇರೆ ವಿಷಗಳೂ ಇದ್ದಿರಬಹುದು, ಹಾಗಾಗಿ ಎಲ್ಲ ತಪ್ಪನ್ನೂ ಪ್ಲಾಸ್ಟಿಕ್ ಮೇಲೆ ಹಾಕೋಕಾಗಲ್ಲ. ಈ ಸಂಶೋಧನೆ 2022ರಲ್ಲಿ ಸುದ್ದಿಯಾಯ್ತು. ನನಗೆ ಇದರಲ್ಲಿ ಕಾಡೋದು "ನಿಂತ ನೀರು" ಅನ್ನೋ ಮಾತು. ನಮ್ಮಲ್ಲಿ ಕೆರೆಮೀನು ಬೆಳೆಯೋದೇ ನಿಂತ ನೀರಲ್ಲಿ. ಕಾಲುವೆ ನೀರನ್ನ ಕೆರೆಗೆ ತುಂಬಿಸಿ ಕುಡಿಯೋರೂ ನಾವೇ.

ಮನುಷ್ಯರಿಗೆ ಏನಾಗುತ್ತೆ? 2022ರಲ್ಲಿ ನೆದರ್ಲೆಂಡ್ಸ್‌ನಲ್ಲಿ 22 ಜನರ ರಕ್ತ ಪರೀಕ್ಷಿಸಿದಾಗ 17 ಜನರಲ್ಲಿ ಪ್ಲಾಸ್ಟಿಕ್ ಕಂಡಿತು. 2024ರಲ್ಲಿ ಇಟಲಿಯ ವೈದ್ಯರು ಕುತ್ತಿಗೆಯ ರಕ್ತನಾಳದ ಕೊಬ್ಬು ತೆಗೆಸಿಕೊಂಡ 257 ರೋಗಿಗಳನ್ನು ಸುಮಾರು 34 ತಿಂಗಳು ಗಮನಿಸಿದರು. ಕೊಬ್ಬಿನಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಪ್ಲಾಸ್ಟಿಕ್ಕೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ. ಸುಮ್ಮನೆ ತಳ್ಳಿಹಾಕೋ ಲೆಕ್ಕವೂ ಅಲ್ಲ.

ಹಂಗಾದ್ರೆ ಮೀನು ಬಿಡೋದಾ? ಬೇಡ್ರಿ. ಮಕ್ಕಳ ಅಪೌಷ್ಟಿಕತೆಯ ಸುದ್ದಿ ನಿಲ್ಲದ ನಮ್ಮ ರಾಯಚೂರು ಜಿಲ್ಲೆಯಲ್ಲಿ ಮೀನು ಬಿಡಿ ಅನ್ನೋದು ಅನ್ಯಾಯ. ಪ್ಲಾಸ್ಟಿಕ್ ಚೂರು ಹೆಚ್ಚಾಗಿ ಕೂರೋದು ಮೀನಿನ ಕರುಳು, ಕಿವಿರಿನಲ್ಲಿ. ದೊಡ್ಡ ಮೀನಿನದ್ದು ಹೆಂಗೂ ತೆಗೀತೀವಿ. ಇಡಿಯಾಗಿ ತಿನ್ನೋ ಸಣ್ಣ ಒಣಮೀನಿನಲ್ಲಿ ಕರುಳೂ ಹೊಟ್ಟೆಗೆ ಹೋಗುತ್ತೆ. ಅದರ ತಲೆ, ಹೊಟ್ಟೆ ಚಿವುಟಿ ತೊಳೆದು ಮಾಡಿ. ಸಿಗಡಿಯ ಬೆನ್ನಿನ ಕಪ್ಪು ದಾರ ಎಳೆದು ಹಾಕಿ. ಎಲ್ಲ ಹೋಗಲ್ಲ, ಕಡಿಮೆ ಆಗುತ್ತೆ.

ಬರೀ ಮೀನನ್ನ ಬೈಯೋದೂ ಸರಿಯಲ್ಲ. 2024ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಪರೀಕ್ಷಿಸಿದ 10 ಬಗೆಯ ಉಪ್ಪು, 5 ಬಗೆಯ ಸಕ್ಕರೆ, ಎಲ್ಲದರಲ್ಲೂ ಮೈಕ್ರೋಪ್ಲಾಸ್ಟಿಕ್ ಇತ್ತು. ಮೀನು ಬೇಡ ಅಂದು ಬಿಸಿ ಸಾಂಬಾರ್ ಕವರ್‌ನಲ್ಲಿ ಕಟ್ಟಿಸಿಕೊಂಡು ಬರೋರನ್ನ ಕಂಡ್ರೆ ನನಗೆ ನಗು ಬರುತ್ತೆ.

ಒಂದು ಕೆಲಸ ಕೊಡ್ತೀನಿ. ನಿಮ್ಮೂರ ಕಾಲುವೆ ತೂಬಿನ ಹತ್ತಿರ ಏನೇನು ಸಿಕ್ಕಿಕೊಂಡು ನಿಂತಿದೆ ಅಂತ ಫೋಟೋ ತೆಗೆದು, ಊರಿನ ಹೆಸರು ಬರೆದು ಕಳಿಸಿ. ಗೊಬ್ಬರದ ಚೀಲ ಎಷ್ಟು, ಔಷಧಿ ಬಾಟಲಿ ಎಷ್ಟು, ಕ್ಯಾರಿಬ್ಯಾಗ್ ಎಷ್ಟು, ಎಣಿಸೋಣ.