ಹೊಸಯುಗವೂ ನಮ್ಮ ಹೊಲಗಳೂ



ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ತುಂಬಿದ ಈ ಶುಭಸಂದರ್ಭದಲ್ಲಿ, ಯುರೋಪು ಮಧ್ಯಯುಗವನ್ನು ದಾಟಿ ಆಧುನಿಕ ಯುಗಕ್ಕೆ ಕಾಲಿಟ್ಟ ಬಗೆಯನ್ನು ಕುರಿತು ಎರಡು ಮಾತು ಹೇಳಬಯಸುತ್ತೇವೆ.

ಈ ಪರಿವರ್ತನೆ ಒಂದೇ ದಿನದಲ್ಲಿ ಆದುದಲ್ಲ. 1450ರ ಸುಮಾರಿಗೆ ಮೈಂಜ್ ನಗರದಲ್ಲಿ ಗುಟೆನ್‌ಬರ್ಗನ ಮುದ್ರಣಯಂತ್ರವು ಕೆಲಸ ಆರಂಭಿಸಿತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು. 1492ರಲ್ಲಿ ಕೊಲಂಬಸನು ಅಮೇರಿಕದ ದ್ವೀಪಗಳನ್ನೂ, 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯನ್ನೂ ತಲುಪಿದರು. 1517ರಲ್ಲಿ ಲೂಥರನು ಎತ್ತಿದ ವಾದವು ಪಶ್ಚಿಮದ ಧರ್ಮಸಭೆಯ ಏಕತೆಯನ್ನು ಒಡೆಯುವಷ್ಟು ಬೆಳೆಯಿತು.

ಇವೆಲ್ಲ ದೂರದೇಶದ ವಾರ್ತೆಗಳೆಂದು ನಾವು ತಿಳಿಯಬಾರದು. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಸಿದುಕೊಂಡರು. 1556ರಲ್ಲಿ ಭಾರತದ ಮೊದಲ ಮುದ್ರಣಯಂತ್ರವು ಅಲ್ಲಿಗೆ ಬಂದಿತು. ಯೇಸುಸಭೆಯ ಗುರುಗಳು ಅದನ್ನು ನಡೆಸಿದರು. ಗೋವೆಗೂ ಬಿಜಾಪುರಕ್ಕೂ ನಡುವಣ ವ್ಯಾಪಾರದಲ್ಲಿ ಅಥಣಿ, ರಾಯಬಾಗಗಳು ಹೆಸರಾದ ಪೇಟೆಗಳಾಗಿದ್ದವು. 1639ರಲ್ಲಿ ಗೋವೆಯನ್ನು ಕಂಡ ಜರ್ಮನ್ ಪ್ರವಾಸಿ ಮಂಡೆಲ್ಸ್ಲೋನ ಗ್ರಂಥದಲ್ಲಿ ಅಥಣಿಯ ಉಲ್ಲೇಖವಿದೆ.

ಗ್ರಂಥಗಳನ್ನು ಬಿಟ್ಟರೂ ಚಿಕ್ಕೋಡಿಯಿಂದ ಕಾಗವಾಡದವರೆಗಿನ ಹೊಲಗಳೇ ಇದಕ್ಕೆ ಸಾಕ್ಷಿ. ನಾವು ಬೆಳೆಯುವ ತಂಬಾಕು, ಗೋವಿನಜೋಳ, ಶೇಂಗಾ, ಮೆಣಸಿನಕಾಯಿ ಎಲ್ಲವೂ ಮೂಲತಃ ಅಮೇರಿಕದವು. ಆ ಕಾಲದ ಹಡಗುಗಳ ಸಂಚಾರದಿಂದ ಹರಡಿದವು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗನು ತಂಬಾಕನ್ನು ಬಿಜಾಪುರದಲ್ಲಿ ಕಂಡು, ಅದನ್ನು ಬಾದಶಹನ ದರ್ಬಾರಿಗೆ ಒಯ್ದನು. ನಿಪ್ಪಾಣಿಯ ಹೆಸರು ಬೆಳೆದದ್ದು ಇದೇ ಎಲೆಯಿಂದ.

ಅದೇ ಹಡಗುಗಳು ಮನುಷ್ಯರನ್ನೂ ಸರಕಿನಂತೆ ಸಾಗಿಸಿದವು. ಅಮೇರಿಕದ ಮೂಲನಿವಾಸಿಗಳು ನಿಜವಾದ ಮಾನವರು, ಅವರ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಲಾಗದು ಎಂದು ಜಗದ್ಗುರು 3ನೆಯ ಪೌಲರು 1537ರಲ್ಲಿ ಸಾರಿದರು. ಕ್ರೈಸ್ತರೆನಿಸಿಕೊಂಡ ಅನೇಕರೇ ಆ ಮಾತಿಗೆ ಕಿವಿಗೊಡಲಿಲ್ಲ. ಆಫ್ರಿಕದ ಲಕ್ಷಾಂತರ ಜನರು ಕಬ್ಬು, ತಂಬಾಕಿನ ತೋಟಗಳಲ್ಲಿ ಗುಲಾಮರಾಗಿ ಸವೆದರು. ಇದನ್ನು ಮರೆಮಾಚುವುದು ನಮಗೆ ಸಲ್ಲದು.

ನಮ್ಮ ನೆಲದಲ್ಲಿಯೂ ದುಡಿಮೆಯ ಬೆಲೆಯ ಪ್ರಶ್ನೆ ತೀರಿಲ್ಲ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಡಿ ಚಳವಳಿ ಹೂಡಿದ ರೈತರು ನಿಪ್ಪಾಣಿಯಲ್ಲಿ ಪೊಲೀಸರ ಗೋಲೀಬಾರಿಗೆ ಬಲಿಯಾದರು. ಕಾರ್ಮಿಕನಿಗೆ ಸಂಸಾರ ನಡೆಸಲು ಸಾಕಾಗುವ ಕೂಲಿ ಸಲ್ಲಬೇಕೆಂದು 1891ರಲ್ಲಿಯೇ ಜಗದ್ಗುರು 13ನೆಯ ಲಿಯೋ ಅವರು ಬೋಧಿಸಿದ್ದರು. ಬೀಡಿ ಕಟ್ಟುವ ತಾಯಂದಿರೂ ಕಬ್ಬು ಕಡಿಯುವ ಕೂಲಿಗಳೂ ನಮ್ಮ ನೆರೆಹೊರೆಯವರೇ. ಅವರ ಕೂಲಿಯನ್ನು ಕಡಿಮೆ ಮಾಡದೆ, ತಡಮಾಡದೆ ಸಲ್ಲಿಸುವೆವೆಂಬ ಸಂಕಲ್ಪದೊಂದಿಗೆ ನಾವು ಎರಡನೆಯ ಶತಮಾನಕ್ಕೆ ಅಡಿಯಿಡೋಣ. ದೇವರು ನಮ್ಮೆಲ್ಲರನ್ನು ಹರಸಲಿ.