ಹೆಸರು ಒಂದೇ, ರೋಗ ಬೇರೆ
(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣ)



ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಇಬ್ಬರು ಸ್ತ್ರೀಯರಿದ್ದಾರೆ ಎಂದು ಭಾವಿಸಿರಿ. ಇಬ್ಬರಿಗೂ ಸ್ತನದ ಕ್ಯಾನ್ಸರ್. ಒಬ್ಬರಿಗೆ ವೈದ್ಯರು ದಿನಕ್ಕೊಂದು ಗುಳಿಗೆಯನ್ನು ಬರೆದುಕೊಡುತ್ತಾರೆ. ಇನ್ನೊಬ್ಬರಿಗೆ ಮೂರು ವಾರಕ್ಕೊಮ್ಮೆ ದುಬಾರಿ ಬೆಲೆಯ ಇಂಜೆಕ್ಷನ್. ಆಗ ಗುಳಿಗೆ ಪಡೆದವರ ಮನೆಯವರು, "ನಾವು ಬಡವರೆಂದು ನಮಗೆ ಅಗ್ಗದ ಔಷಧಿಯೇ?" ಎಂದು ನೊಂದುಕೊಳ್ಳುವುದುಂಟು. ಈ ಸಂಶಯಕ್ಕೆ ಉತ್ತರ ಹೇಳುವುದೇ ನನ್ನ ಇಂದಿನ ಮಾತಿನ ಉದ್ದೇಶ.

ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಒಂದೇ ಅಂಗದಲ್ಲಿ ಹುಟ್ಟಿದ ಗಡ್ಡೆಗಳೂ ಸ್ವಭಾವದಲ್ಲಿ ಬೇರೆ ಬೇರೆ. ಆ ಸ್ವಭಾವವನ್ನು ತಿಳಿಸುವ, ಗಡ್ಡೆಯಲ್ಲಿಯೋ ರಕ್ತದಲ್ಲಿಯೋ ಪತ್ತೆಹಚ್ಚಬಹುದಾದ ಗುರುತುಗಳಿಗೆ ಬಯೋಮಾರ್ಕರ್, ಅಂದರೆ ಜೀವಸೂಚಕ, ಎಂದು ಹೆಸರು.

ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ನರು, ಅಂಡಾಶಯಗಳನ್ನು ತೆಗೆದಾಗ ಸ್ತನದ ಗಡ್ಡೆ ಕುಗ್ಗಿದುದನ್ನು 1896ರಲ್ಲಿ ಪ್ರಕಟಿಸಿದರು. ಆದರೆ ಈ ಚಿಕಿತ್ಸೆ ಕೆಲವರಿಗೆ ಫಲಿಸಿತು, ಹಲವರಿಗೆ ಫಲಿಸಲಿಲ್ಲ. ಅದರ ಕಾರಣ ಬಹುಕಾಲದ ನಂತರ ತಿಳಿದುಬಂದಿತು. ಅಮೆರಿಕದ ಶಿಕಾಗೋ ನಗರದಲ್ಲಿ ಎಲ್‌ವುಡ್ ಜೆನ್ಸನ್ನರು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕವನ್ನು ಜೀವಕೋಶಗಳಲ್ಲಿ ಕಂಡುಹಿಡಿದರು. ಗ್ರಾಹಕವು ಬೀಗ, ಹಾರ್ಮೋನು ಕೀಲಿಕೈ. ಟ್ಯಾಮಾಕ್ಸಿಫೆನ್ ಗುಳಿಗೆಯು ಆ ಬೀಗಕ್ಕೆ ಮೇಣ ತುಂಬಿದಂತೆ; ಕೀಲಿಕೈ ಒಳಹೋಗದು. ಗ್ರಾಹಕವಿರುವವರು ಇದನ್ನು ಐದು ವರ್ಷ ಸೇವಿಸಿದರೆ, ಮೊದಲ ಹತ್ತು ವರ್ಷಗಳಲ್ಲಿ ರೋಗ ಮರುಕಳಿಸುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೀಗವೇ ಇಲ್ಲದ ಗಡ್ಡೆಗೆ ಮೇಣದಿಂದ ಪ್ರಯೋಜನವಿಲ್ಲ.

ಎರಡನೆಯ ಗುರುತು ಹರ್-2. ಈ ಗುರುತು ಹೆಚ್ಚಾಗಿರುವ ಗಡ್ಡೆಗಳು ಉಗ್ರವಾದವು ಎಂದು ಡೆನ್ನಿಸ್ ಸ್ಲೇಮನ್ನರು ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಅದನ್ನೇ ಗುರಿಯಾಗಿಸಿದ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿಗೆ 1998ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಸ್ತನದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 15ರಿಂದ 20ರಲ್ಲಿ ಮಾತ್ರ ಈ ಗುರುತು ಹೆಚ್ಚಾಗಿರುತ್ತದೆ. ಗುರುತಿಲ್ಲದವರಿಗೆ ಈ ದುಬಾರಿ ಔಷಧಿಯನ್ನು ಕೊಟ್ಟರೆ ಹಣವೂ ವ್ಯರ್ಥ, ಹೃದಯಕ್ಕೂ ಅಪಾಯವುಂಟು. ಕೆಲವರಲ್ಲಿ ಎರಡು ಗುರುತುಗಳೂ ಇರುತ್ತವೆ. ಕೆಲವರಲ್ಲಿ ಎರಡೂ ಇರುವುದಿಲ್ಲ. ಅವರವರ ಚಿಕಿತ್ಸೆ ಅದಕ್ಕೆ ತಕ್ಕಂತೆ ನಿರ್ಧಾರವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ರಕ್ತದಲ್ಲಿ ಸಿಎ-125 ಎಂಬ ಸೂಚಕ ಏರಿದೆ ಎಂಬ ವರದಿ ಬಂದೊಡನೆ ಅಂಡಾಶಯದ ಕ್ಯಾನ್ಸರ್ ಎಂದು ಮನೆಮಂದಿಯೆಲ್ಲ ಗೋಳಿಡಬೇಕಾಗಿಲ್ಲ. ಮುಟ್ಟಿನ ದಿನಗಳಲ್ಲಿಯೂ, ಹೊಟ್ಟೆಯ ಕ್ಷಯರೋಗದಲ್ಲಿಯೂ ಅದು ಏರಬಲ್ಲುದು. ಹಾಗೆಯೇ ಪುರುಷರ ಪಿಎಸ್‌ಎ ಪ್ರಮಾಣವು ವಯಸ್ಸಿನೊಡನೆ ಪ್ರಾಸ್ಟೇಟ್ ಗ್ರಂಥಿ ಹಿಗ್ಗಿದಾಗಲೂ ಹೆಚ್ಚುತ್ತದೆ. ಇಂತಹ ವರದಿ ಮುಂದಿನ ತಪಾಸಣೆಗೆ ದಾರಿ ತೋರಿಸುತ್ತದೆಯೇ ಹೊರತು ತಾನೇ ಕೊನೆಯ ತೀರ್ಪಲ್ಲ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಸ್ತನದಲ್ಲಿ ಗಂಟು ಕಂಡರೆ ನಾಚಿಕೆಯಿಂದ ಮುಚ್ಚಿಡಬೇಡಿರಿ. ಕ್ಯಾನ್ಸರೆಂದು ಖಚಿತವಾದರೆ, ಹಾರ್ಮೋನು ಗ್ರಾಹಕಗಳ ಹಾಗೂ ಹರ್-2 ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಖರ್ಚಿಗೆ ಅಂಜಿ ಅದನ್ನು ಕೈಬಿಡಬೇಡಿರಿ. ತೆಗೆದ ಗಡ್ಡೆಯ ತುಣುಕನ್ನು ಪ್ರಯೋಗಾಲಯದವರು ಮೇಣದ ಅಚ್ಚಿನಲ್ಲಿ ಕಾಪಾಡಿಡುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಅದನ್ನೂ ವರದಿಯನ್ನೂ ಕೇಳಿ ಪಡೆದು ಒಯ್ಯಿರಿ. ವೈದ್ಯರು ಗುಳಿಗೆ ಬರೆದುಕೊಟ್ಟಿದ್ದರೆ, ಮೈ ಹಗುರವಾಯಿತೆಂದು ಅದನ್ನು ನಡುವೆ ನಿಲ್ಲಿಸಬೇಡಿರಿ.

ಆ ಸೋದರಿಗೆ ದೊರೆತ ಗುಳಿಗೆ ಬಡತನಕ್ಕೆ ಕೊಟ್ಟದ್ದಲ್ಲ. ಆಕೆಯ ರೋಗದ ಗುರುತನ್ನು ಅರಿತು ಕೊಟ್ಟದ್ದು. ಇದನ್ನು ನೆರೆಮನೆಯವರಿಗೂ ತಿಳಿಸಿದರೆ ಈ ಶಿಬಿರ ಸಾರ್ಥಕವಾದಂತೆ.