ಗಿಡಕ್ಕೂ ಮೊದಲು ಕಿಟಕಿ

ಒಳಾಂಗಣ ಗಿಡ ಎಂಬ ಜಾತಿ ನಿಸರ್ಗದಲ್ಲಿಲ್ಲ. ಆ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಎಲ್ಲಿಯದೋ ಕಾಡಿನ, ಬಯಲಿನ ಸಸ್ಯ. ಸಸ್ಯಮೇಳದ ಮಳಿಗೆಗಳಲ್ಲಿ ಪಕ್ಕಪಕ್ಕದಲ್ಲೇ ಕುಳಿತಿರುವ ಕುಂಡಗಳ ತವರುಗಳ ನಡುವೆ ಸಾವಿರಾರು ಮೈಲಿಗಳ ಅಂತರವಿದೆ. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು, ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವಂಥದ್ದು. ಪೂರ್ವ ಆಫ್ರಿಕಾದ ಝಡ್‌ಝಡ್ ಗಿಡ ಮಣ್ಣಿನೊಳಗೆ ಗೆಡ್ಡೆ ಕಟ್ಟಿ ಅದರಲ್ಲಿ ನೀರು ಉಳಿಸುತ್ತದೆ. ಇವೆರಡಕ್ಕೂ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಕ್ಯಾಲಥಿಯಾ ಮಾತ್ರ ದಕ್ಷಿಣ ಅಮೆರಿಕದ ಮಳೆಕಾಡಿನ ನೆಲದ್ದು. ಗಾಳಿಯಲ್ಲಿ ತೇವ ತಗ್ಗಿದರೆ ಅದರ ಎಲೆಯಂಚು ಸುಟ್ಟಂತೆ ಕಂದಾಗುತ್ತದೆ. ಹೀಗಾಗಿ ಅದು ಮಂಗಳೂರಿನಲ್ಲಿ ಸುಖವಾಗಿರುತ್ತದೆ, ಕಲಬುರಗಿಯ ಏಪ್ರಿಲ್‌ನಲ್ಲಿ ಒದ್ದಾಡುತ್ತದೆ.

ನೀರಿಗಿಂತ ಮೊದಲು ವಿಚಾರಿಸಬೇಕಾದದ್ದು ಬೆಳಕು. ಬಯಲಿನ ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್. ಕಿಟಕಿಯಿಂದ ಕೆಲವೇ ಅಡಿ ಒಳಗೆ ಸರಿದರೆ ಅದು ನೂರರ ಲೆಕ್ಕಕ್ಕೆ ಇಳಿಯುವುದುಂಟು. ಕಣ್ಣು ಆ ಮಬ್ಬಿಗೆ ಕೂಡಲೇ ಹೊಂದಿಕೊಳ್ಳುವುದರಿಂದ ಮನೆಯವರಿಗೆ ಕೋಣೆ ಬೆಳಕಾಗಿಯೇ ಕಾಣುತ್ತದೆ. ಗಿಡ ಅದೇ ಬೆಳಕಿನಲ್ಲಿ ಉಪವಾಸ ಬೀಳುತ್ತದೆ. ಗಿಡ ಇಡಬೇಕೆಂದಿರುವ ಜಾಗದಲ್ಲಿ ಹಗಲು ಹೊತ್ತು ಬಿಳಿ ಹಾಳೆ ಹಾಸಿ, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿದು ನೋಡಬಹುದು. ನೆರಳು ಬೆರಳು ಬೆರಳಾಗಿ ಬಿದ್ದರೆ ಬೆಳಕು ಚೆನ್ನಾಗಿದೆ. ಅಂಚು ಮಸುಕಾಗಿದ್ದರೆ ಸಾಧಾರಣ. ನೆರಳೇ ಬೀಳದಿದ್ದರೆ ಅಲ್ಲಿ ಗಿಡಕ್ಕಿಂತ ಹೂದಾನಿ ಲೇಸು.

ದಿಕ್ಕಿನ ವಿಚಾರದಲ್ಲಿ ವಿದೇಶಿ ಪುಸ್ತಕಗಳು ದಾರಿ ತಪ್ಪಿಸುತ್ತವೆ. ದಕ್ಷಿಣದ ಕಿಟಕಿಗೇ ಹೆಚ್ಚು ಬಿಸಿಲು ಎಂಬ ಅವುಗಳ ಮಾತು ಯುರೋಪಿಗೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್‌ನಲ್ಲಿ ಬಿಸಿಲು ತುಂಬಿದ್ದ ದಕ್ಷಿಣದ ಕಿಟಕಿಗೆ ಜೂನ್‌ನಲ್ಲಿ ನೇರ ಬಿಸಿಲೇ ಬೀಳದಿರಬಹುದು. ಒಂದು ದಿನ ನೋಡಿ ಜಾಗ ಗೊತ್ತು ಮಾಡಿದರೆ ಸಾಲದು ಎನ್ನುವುದು ಇದಕ್ಕೇ.

ಗಾಳಿ ಶುದ್ಧಿಯಾಗುತ್ತದೆಂದು ಗಿಡ ಕೊಳ್ಳುವವರೂ ಇದ್ದಾರೆ. ಈ ನಂಬಿಕೆಯ ಮೂಲ 1989ರ ನಾಸಾ ಅಧ್ಯಯನ; ಅದು ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. ಕಿಟಕಿ ತೆರೆದಷ್ಟು ಪರಿಣಾಮವಾಗಬೇಕಾದರೆ ಪ್ರತಿ ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕೆಂದು 2019ರಲ್ಲಿ ಪ್ರಕಟವಾದ ಅಮೆರಿಕದ ವಿಮರ್ಶೆಯೊಂದು ಲೆಕ್ಕ ಹಾಕಿತು. ಆಮೇಲೆ ಮನೆಯವರು ನಿಲ್ಲುವುದೆಲ್ಲಿ? ಅಂದಕ್ಕೆ ಕೊಳ್ಳುವುದೇ ಸಾಕಷ್ಟು ಒಳ್ಳೆಯ ಕಾರಣ.

ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯಲ್ಲಿ ವಿಷದ ವಿಚಾರವನ್ನೂ ಕೇಳಿಕೊಳ್ಳಬೇಕು. ಡಿಫೆನ್‌ಬಾಕಿಯಾ ಎಲೆ ಜಗಿದರೆ ಅದರಲ್ಲಿನ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಚುಚ್ಚಿ ಬಾಯಿ, ನಾಲಿಗೆ ಊದುತ್ತವೆ. ಮನಿ ಪ್ಲಾಂಟ್‌ನಲ್ಲೂ ಅದೇ ಸೂಜಿಗಳಿವೆ. ನಿಜವಾದ ಲಿಲ್ಲಿಗಳ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡಬಹುದು.

ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ: ಗಿಡದ ಪೂರ್ಣ ಹೆಸರು, ಅದು ನೆರಳು ಪರದೆಯಡಿ ಬೆಳೆದದ್ದೋ ಬಿಸಿಲಲ್ಲೋ, ಕುಂಡದಲ್ಲಿರುವುದು ಮಣ್ಣೋ ಕೋಕೋಪೀಟೋ. ಕೋಕೋಪೀಟ್ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಬೆರಳು ಇಳಿಸಿ ನೋಡದೆ ನೀರು ಹಾಕಬಾರದು. ಎಲೆ ತಿರುವಿ ನೋಡಿದಾಗ ತೊಟ್ಟಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆಗಳಿದ್ದರೆ ಅದು ಹಿಟ್ಟು ತಿಗಣೆ. ಆ ಕುಂಡ ಎಷ್ಟು ಅಗ್ಗವಾದರೂ ಬೇಡ. ಮನೆಗೆ ತಂದ ಮೇಲೆ ಫೈಕಸ್‌ನಂಥ ಗಿಡ ಜಾಗ ಬದಲಾದದ್ದಕ್ಕೇ ರಾಶಿ ಎಲೆ ಉದುರಿಸುತ್ತದೆ. ಆಗ ಗಾಬರಿಯಿಂದ ಗೊಬ್ಬರ ಸುರಿಯದೆ, ಇಟ್ಟಲ್ಲೇ ಬಿಟ್ಟು ಕೆಲವು ವಾರ ಕಾದರೆ ಸಾಮಾನ್ಯವಾಗಿ ಹೊಸ ಚಿಗುರು ಬರುತ್ತದೆ.